ಗಾಲಿ ಕೆಳಗಿನ ಲಿಂಬಿಹಣ್ಣು

ಸೊಲ್ಲಾಪುರ ರಸ್ತೆ, ವಿಜಯಪುರ

ನಾನು ಜಪಾನಿಗೆ ಹೋದದ್ದು ನಮ್ಮವರ ಮೊಣಕಾಲಿನ ದೆಸೆಯಿಂದ. ಹೋಗಬೇಕಾಗಿದ್ದವರು ಅವರೇ. ಕಾರಿನ ಕಂಪನಿ ತನ್ನ ಡೀಲರುಗಳನ್ನು ಕಾರ್ಖಾನೆ ತೋರಿಸಲು ಕರೆದಿತ್ತು. ಸೊಲ್ಲಾಪುರ ರಸ್ತೆಯಲ್ಲಿರುವ ನಮ್ಮ ಷೋರೂಮಿಗೂ ಕರೆ ಬಂತು. ಅಷ್ಟರಲ್ಲಿ ಅವರ ಮೊಣಕಾಲಿನ ಆಪರೇಷನ್ ಆಯಿತು. ವಾಕರ್ ಹಿಡಿದು ಬಚ್ಚಲಿಗೆ ಹೋಗುವುದೇ ಒಂದು ದೇಶಾಂತರ ಆಗಿರುವಾಗ ಅವರನ್ನು ಜಪಾನಿಗೆ ಕಳಿಸುವುದು ಹೇಗೆ? "ನೀನ ಹೋಗು" ಎಂದರು, ಗಾಂಧಿ ಚೌಕಕ್ಕೆ ಹೋಗಿ ಕೊತ್ತಂಬರಿ ತಾ ಎನ್ನುವ ಹಾಗೆ. ನನಗೆ ಸಿಟ್ಟೇ ಬಂತು. ಒಬ್ಬಳೇ ಸೊಲ್ಲಾಪುರ ದಾಟಿದವಳಲ್ಲ ನಾನು.

ಆದರೆ ನಮ್ಮಲ್ಲಿ ಲೆಕ್ಕ ಅವರದು, ಮಾತು ನನ್ನದು. ತಿಕೋಟಾದ ದ್ರಾಕ್ಷಿ ಬೆಳೆಗಾರರು ಬರಲಿ, ಬಬಲೇಶ್ವರದ ಮಾಸ್ತರರು ಬರಲಿ, ಚಹಾ ಕೊಟ್ಟು, ಮಕ್ಕಳ ಸಾಲಿ ವಿಚಾರಿಸಿ, ಕೊನೆಗೆ ಕಾರಿನ ಬಾಗಿಲು ತೆಗೆದು ಕೂಡಿಸುವವಳು ನಾನು. ಕಾರ್ಖಾನೆ ನೋಡಿ ಬಂದು ನಾಲ್ಕು ಮಂದಿಗೆ ಹೇಳಬೇಕಾದವಳೂ ನಾನೇ ಅಂದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೇಳಬೇಕಾದದ್ದು ಒಂದೇ ಒಂದು ಮಾತು: ಕಂಪನಿ ಉಳಿಯುತ್ತದೋ ಇಲ್ಲವೋ. ಕಂಪನಿಗೆ ಜಡ್ಡಾಗಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ನಷ್ಟದ ಮೇಲೆ ನಷ್ಟ, ಅಲ್ಲೊಂದು ಕಾರ್ಖಾನೆ ಬಂದ್, ಇಲ್ಲೊಂದು ಬಂದ್, ಸಾವಿರಗಟ್ಟಲೆ ಮಂದಿ ಮನೆಗೆ. ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುತ್ತ ನಿಂತವನ ಮೊಬೈಲಿಗೂ ಇದೆಲ್ಲ ಬರುತ್ತದೆ. "ಅಕ್ಕಾರ, ನಿಮ್ಮ ಕಂಪನಿ ಗಂಟಮೂಟಿ ಕಟ್ಟಾಕತ್ತೈತೆಂತಲ್ರಿ" ಎಂದು ನಗುತ್ತ ಕೇಳುವರು. ನಾನೂ ನಗುತ್ತ "ನಿಮಗ ಚಹಾ ಕುಡಿಸೂತನಕ ಎಲ್ಲಿಗೂ ಹೋಗಾಂಗಿಲ್ಲರಿ" ಎನ್ನುವೆ. ಅವರು ಚಹಾ ಕುಡಿದು ಎದುರಿನ ಬೇರೆ ಕಂಪನಿಯ ಷೋರೂಮಿಗೆ ಹೋಗುವರು.

ಹಾಗೆ ಹೋಗದೆ ಉಳಿದವರು ಸುಜಾತಾ ಬಾಯಾರು. ಬಬಲೇಶ್ವರದ ಸಾಲಿಯಲ್ಲಿ ಟೀಚರು, ಮನೆ ಜಲನಗರದಲ್ಲಿ. ಅವರ ತಾಯಿ ತಿಕೋಟಾದವರು, ಜೀವಮಾನವೆಲ್ಲ ಮಂದಿಯ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದವರು. ಮುದುಕಿಗೆ ಈಗ ಸ್ಕೂಟಿಯ ಹಿಂದೆ ಕೂಡುವುದಾಗುವುದಿಲ್ಲ. ಆ ಮನೆತನದಲ್ಲಿ ಇದು ಮೊದಲ ಕಾರು. ಬಾಯಾರು ಬಿಳಿ ಬಣ್ಣದ ಗಾಡಿ ಬುಕ್ ಮಾಡಿ, ಗಾಡಿ ಬಂದು ನಿಂತರೂ ಒಯ್ಯದೆ ಕಾಯುತ್ತಿದ್ದರು. ನಾನು ಹೊರಡುವ ಮೊದಲು ಬಂದು ನನ್ನ ಎದುರು ಕುರ್ಚಿಯಲ್ಲಿ ಕುಳಿತರು.

"ಅಕ್ಕಾರ, ನಾ ಪೇಪರಾಗಿಂದು ನಂಬೂದಿಲ್ಲ, ಮೊಬೈಲಾಗಿಂದೂ ನಂಬೂದಿಲ್ಲ. ನೀವು ಕಣ್ಣಾರೆ ನೋಡಿ ಬರ್ರಿ. ನೀವು ತಗೋ ಅಂದ್ರ ತಗೋತೀನಿ, ಬ್ಯಾಡ ಅಂದ್ರ ಬಿಡ್ತೀನಿ. ಇದು ನಮ್ಮವ್ವನ ಆಸೆದ ಗಾಡಿರಿ. ನಾಕ ವರ್ಷಕ್ಕ ಒಂದ ಬಿಡಿ ಸಾಮಾನ ಸಿಗಲಾರದಂಗಾಗಿ ಅಂಗಳದಾಗ ನಿಲ್ಲಬಾರದು."

"ನೋಡಿ ಬರ್ತೀನಿ ಬಾಯಾರ" ಎಂದೆ. ಅವರು "ಬರ್ತೀನ್ರಿ ಅಕ್ಕಾರ" ಎಂದು ಬಾಗಿಲ ತನಕ ಹೋಗಿ, ತಿರುಗಿ ಇನ್ನೊಮ್ಮೆ "ಬರ್ತೀನ್ರಿ" ಎಂದು ಹೋದರು. ಯಾವಾಗಲೂ ಹಾಗೆಯೇ, ಎರಡು ಸಲ.

ಅವರು ಹೋದ ಮೇಲೆ ನಮ್ಮವರು ಒಳಗಿನಿಂದ ವಾಕರ್ ಕುಟ್ಟುತ್ತ ಬಂದರು. "ಅಲ್ಲಿ ಏನರ ನೋಡು, ಬಂದು ಚೊಲೋ ಐತಿ ಅನ್ನು. ಈ ತಿಂಗಳ ಒಂದೂ ಗಾಡಿ ಹೊರಗ ಬಿದ್ದಿಲ್ಲ. ಹಿಂಗಾದ್ರ ಷೋರೂಮಿನ ಕದಾ ಹಾಕೂದ." ಅದೂ ಸುಳ್ಳಲ್ಲ. ವರ್ಕ್‌ಶಾಪಿನಲ್ಲಿ, ಕೌಂಟರಿನಲ್ಲಿ ನಮ್ಮನ್ನೇ ನಂಬಿದ ಮಂದಿ ಇದ್ದರು.

ಅವರಲ್ಲಿ ಹಿರಿಯರು ವರ್ಕ್‌ಶಾಪಿನ ದಸ್ತಗೀರ್ ಚಾಚಾ. ನಮ್ಮಲ್ಲಿ ಒಂದು ರೂಢಿ ಇದೆ. ಹೊಸ ಗಾಡಿ ಷೋರೂಮಿನಿಂದ ಹೊರಡುವಾಗ ಗಾಲಿಗಳ ಕೆಳಗೆ ಲಿಂಬಿಹಣ್ಣು ಇಡುತ್ತೇವೆ. ಗಾಡಿ ಅವುಗಳ ಮೇಲೆ ಹಾಯ್ದು ಪಚಕ್ಕೆಂದು ಹೊಸಕಿ ಮುಂದೆ ಹೋದರೆ ದೃಷ್ಟಿ ಹೋಯಿತು, ದಾರಿ ತೆರವಾಯಿತು. ಹಣ್ಣು ಚಾಚಾ ಅವರ ಅಂಗಳದ ಗಿಡದವು. ಬೇರೆ ಹಣ್ಣು ಅವರು ಇಡಗೊಡುವುದಿಲ್ಲ. ನಾನು ಹೊರಡುವ ದಿನ ಕರವಸ್ತ್ರದಲ್ಲಿ ಕಟ್ಟಿ ಎರಡು ಹಣ್ಣು ತಂದುಕೊಟ್ಟರು. "ಅಲ್ಲಿ ಹೊಸಾ ಗಾಡಿ ತಯಾರಾಗಿ ಹೊರಗ ಬೀಳೂ ಜಾಗಾ ಇರತೈತೆಲ್ರಿ, ಅಲ್ಲಿ ಗಾಲಿ ಬುಡಕ ಇಡ್ರಿ ಅಕ್ಕಾರ. ಕಂಪನಿಗೆ ಯಾರದೋ ನದರ್ ತಗಲೈತಿ."

ನಕ್ಕೆ. ನಕ್ಕರೂ ಇಡ್ತೀನಿ ಚಾಚಾ ಎಂದು ಬ್ಯಾಗಿನಲ್ಲಿ ಇಟ್ಟುಕೊಂಡೆ.

ವಿಮಾನ ನಿಲ್ದಾಣ

ಜಪಾನಿನಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ನಾಯಿ. ಉದ್ದ ಕಿವಿಯ ಸಣ್ಣ ನಾಯಿ, ಮೈಮೇಲೆ ಸರಕಾರಿ ಅಂಗಿ. ಅದು ಬಂದು ನನ್ನ ಬ್ಯಾಗಿನ ಪಕ್ಕ ಬಹಳ ಮರ್ಯಾದೆಯಿಂದ ಕುಳಿತಿತು. ಪ್ರೀತಿಯಿಂದ ಕುಳಿತಿದೆ ಎಂದುಕೊಂಡು ತಲೆ ಸವರಲು ಬಗ್ಗಿದೆ. ಅಷ್ಟರಲ್ಲಿ ಕೈಗವಸು ಹಾಕಿದ ಹೆಣ್ಣುಮಗಳೊಬ್ಬಳು ಬಂದು, ತಲೆ ಬಾಗಿಸಿ, ನನ್ನ ಬ್ಯಾಗು ಬಿಚ್ಚಿಸಿದಳು.

ಕಡಕ್ ರೊಟ್ಟಿ ನೋಡಿ ಇದು ತಿನ್ನುವುದೋ ಅಥವಾ ಪಾತ್ರೆಯ ಮುಚ್ಚಳವೋ ಎಂಬಂತೆ ತಟ್ಟಿ ನೋಡಿದಳು. ಶೇಂಗಾ ಚಟ್ನಿ ಮೂಸಿದಳು. ಅಲ್ಲಿಯವರಿಗೆ ಕೊಡಲೆಂದು ಒಯ್ದ ತಿಕೋಟಾದ ಒಣದ್ರಾಕ್ಷಿಯ ಡಬ್ಬಿಗಳನ್ನು ಎತ್ತಿ ನೋಡಿ, ಇರಲಿ ಎಂದು ಪಕ್ಕಕ್ಕಿಟ್ಟಳು. ಕರವಸ್ತ್ರದ ಗಂಟು ಬಿಚ್ಚಿದಾಗ ಮಾತ್ರ ಮುಖ ಗಂಭೀರವಾಯಿತು. ಹಸಿ ಹಣ್ಣು ಆ ದೇಶದೊಳಗೆ ಹೋಗುವಂತಿಲ್ಲವಂತೆ. ನನಗೆ ಬಂದ ಇಂಗ್ಲಿಷಿನಲ್ಲಿ ಇದು ತಿನ್ನಲಿಕ್ಕಲ್ಲ, ಗಾಲಿಯ ಕೆಳಗೆ ಇಡಲಿಕ್ಕೆ ಎಂದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಚಾಚಾ ಅವರ ಹಣ್ಣುಗಳನ್ನು ಎರಡು ಕೈಯಲ್ಲಿ ಹಿಡಿದು, ಒಂದು ಹಳದಿ ಡಬ್ಬಿಯಲ್ಲಿ ಹಾಕಿ, ನನಗೆ ಮತ್ತೆ ತಲೆ ಬಾಗಿಸಿದಳು. ಇಷ್ಟು ಮರ್ಯಾದೆಯಿಂದ ನನ್ನ ಸಾಮಾನನ್ನು ಯಾರೂ ಕಸದಬುಟ್ಟಿಗೆ ಹಾಕಿರಲಿಲ್ಲ.

ನನ್ನ ಹಿಂದೆ ನಿಂತಿದ್ದ ಸಾಂಗಲಿಯ ಡೀಲರ್ ದೇಶಮುಖ ನಕ್ಕಿದ್ದೇ ನಕ್ಕಿದ್ದು. ಗಡಿ ಭಾಗದವರು, ಕನ್ನಡ ಚೆನ್ನಾಗಿ ಬರುತ್ತದೆ, ನನ್ನನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಾರೆ. "ವೈನಿ, ಕಂಪನೀನ್ನ ಲಿಂಬಿಹಣ್ಣಿಂದ ಉಳಸೂದಿತ್ತೇನ್ರಿ?" ಎಂದರು. ನಾನು ಖಾಲಿ ಕರವಸ್ತ್ರ ಮಡಚಿ ಬ್ಯಾಗಿನಲ್ಲಿಟ್ಟೆ.

ಕಾರ್ಖಾನೆಯ ಊರು

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಬಸ್ ನಿಲ್ದಾಣದ ಹೆಸರು ಕಾರ್ಖಾನೆಯ ಮುಂದಿನ ಗೇಟು, ಅದರ ಮುಂದಿನ ನಿಲ್ದಾಣದ ಹೆಸರು ಕಾರ್ಖಾನೆಯ ಹಿಂದಿನ ಗೇಟು. ನಡುವೆ ಇರುವುದೇ ಊರು. ಸಮುದ್ರ ಇದೆ, ಆದರೆ ಅದೂ ಕಾರ್ಖಾನೆಯ ಹಿತ್ತಲಿನಂತೆ ಕಾಣುತ್ತದೆ. ಕಾರುಗಳನ್ನು ಹಡಗಿಗೆ ಹತ್ತಿಸಲೆಂದೇ ಕಟ್ಟಿದ ದಕ್ಕೆ, ಈಗ ಅದರ ಮೇಲೆ ಕಾಗೆಗಳು.

ನಮ್ಮ ಜೊತೆ ಬಂದ ದುಭಾಷಿಯ ಹೆಸರು ಎಮಿಕೊ. ನನ್ನದೇ ವಯಸ್ಸಿನಾಕೆ, ಅದೇ ಊರಿನವಳು. ಎಳೆಯ ವಯಸ್ಸಿನಲ್ಲಿ ದಿಲ್ಲಿಯಲ್ಲಿ ಓದಿ ಹಿಂದಿ ಕಲಿತಿದ್ದಳು. ಆಕೆಯದು ಪುಸ್ತಕದ ಹಿಂದಿ, ನನ್ನದು ಗಾಂಧಿ ಚೌಕದ ಹಿಂದಿ. ನಾನು ಯಾಕೆ ಎನ್ನಲು "ಕಾಯ್ಕೊ" ಎಂದಾಗೆಲ್ಲ ಆಕೆ ಒಂದು ಕ್ಷಣ ನಿಂತು, ಅದನ್ನು ಮನಸ್ಸಿನಲ್ಲೇ ತೊಳೆದು, "ಕ್ಯೋಂ" ಮಾಡಿಕೊಂಡು ಉತ್ತರ ಕೊಡುವಳು. ಇಬ್ಬರಿಗೂ ಚೆನ್ನಾಗಿ ಹೊಂದಿತು. ಆಕೆ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಹೋಟೆಲಿನ ಕಿಟಕಿ ತೆರೆದರೆ ಧ್ವನಿವರ್ಧಕದಲ್ಲಿ ಪಿಯಾನೋ. ಕಾರ್ಖಾನೆಯ ಬಯಲಿನಲ್ಲಿ ಕೆಲಸದ ಮೊದಲು ಎಲ್ಲರೂ ಕೂಡಿ ವ್ಯಾಯಾಮ ಮಾಡುವ ಪದ್ಧತಿಯಂತೆ. ಬಯಲು ನಮ್ಮ ಸೈನಿಕ ಶಾಲೆಯ ಮೈದಾನದಷ್ಟಿದೆ. ನೆಲದ ಮೇಲೆ ಒಬ್ಬೊಬ್ಬರು ನಿಲ್ಲುವ ಜಾಗಕ್ಕೆ ಬಿಳಿ ಗುರುತು ಹಾಕಿದ್ದಾರೆ. ಒಂದು ಮೂಲೆಯಲ್ಲಿ ಒಂದಿಷ್ಟು ಮಂದಿ ನಿಂತು ಕೈ ಎತ್ತಿ ಇಳಿಸುತ್ತಿದ್ದರು. ಉಳಿದ ಗುರುತುಗಳೆಲ್ಲ ಖಾಲಿ. ಆದರೂ ಆ ಮಂದಿ ಹತ್ತಿರ ಹತ್ತಿರ ಬಂದು ನಿಂತಿರಲಿಲ್ಲ. ಪಕ್ಕದವನು ಬರಲಿಲ್ಲವೆಂದು ಯಾರೂ ತಮ್ಮ ಗುರುತು ಬಿಟ್ಟು ಸರಿದಿರಲಿಲ್ಲ. ನಮ್ಮಲ್ಲಾದರೆ ಎಲ್ಲ ಒಂದು ಕಡೆ ಗುಂಪಾಗಿ ನಿಂತು ಮಾತಾಡುತ್ತಿದ್ದೆವು. ಅವರನ್ನು ನೋಡಿ ನನಗೆ ದುಃಖವಾಯಿತು.

ಸಭೆ

ಸಭಾಂಗಣದಲ್ಲಿ ದೊಡ್ಡ ಪರದೆ. ಕಂಪನಿಯ ಹಿರಿಯರೊಬ್ಬರು ಮೊದಲು ಏನೂ ಮಾತಾಡದೆ ಸೊಂಟದಿಂದ ಬಾಗಿದರು. ಬಾಗಿದವರು ಏಳಲೇ ಇಲ್ಲ. ಬೆನ್ನು ಹಿಡಿದಿದೆಯೇನೋ ಎಂದು ನನಗೆ ಗಾಬರಿ. "ಕ್ಷಮೆ ಕೇಳುತ್ತಿದ್ದಾರೆ" ಎಂದು ಎಮಿಕೊ ಪಿಸುಗುಟ್ಟಿದಳು. ನಮ್ಮ ಕಡೆ ನಷ್ಟವಾದರೆ ಮಾಲೀಕ ಫೋನ್ ಬಂದ್ ಮಾಡುತ್ತಾನೆ. ಇವರು ಬಂದು ಎಲ್ಲರೆದುರು ಬಾಗಿ ನಿಂತಿದ್ದಾರೆ. ಮೆಚ್ಚಬೇಕೋ ಹೆದರಬೇಕೋ ತಿಳಿಯಲಿಲ್ಲ.

ಆಮೇಲೆ ಪರದೆಯ ಮೇಲೆ ಒಂದು ಕೆಂಪು ಗೆರೆ. ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ತಳ ಮುಟ್ಟಿತ್ತು. ಅಲ್ಲಿಂದ ಮುಂದೆ ಅದು ಮೇಲಕ್ಕೆ ಏರುತ್ತಿತ್ತು. ಆದರೆ ಇಳಿದ ಗೆರೆ ಗಟ್ಟಿ, ಏರುವ ಗೆರೆ ಬರೀ ಚುಕ್ಕೆ ಚುಕ್ಕೆ. ಅದೇ ಚೇತರಿಕೆಯಂತೆ. ಕಾರ್ಖಾನೆ ಕಡಿಮೆ ಮಾಡುತ್ತೇವೆ, ಮಂದಿ ಕಡಿಮೆ ಮಾಡುತ್ತೇವೆ, ಹೊಸ ಬ್ಯಾಟರಿ ಗಾಡಿ ತರುತ್ತೇವೆ, ನೀವು ನಮ್ಮ ಜೊತೆ ಇರಿ. ಇರುವುದೆಂದರೆ ಹೊಸ ಕರಾರಿಗೆ ಸಹಿ ಹಾಕಿ, ಷೋರೂಮನ್ನು ಇನ್ನೂ ದೊಡ್ಡದಾಗಿ ಕಟ್ಟಿಸುವುದು. ಅಂಗಳದಲ್ಲಿ ಚುಕ್ಕೆ ಇಟ್ಟ ಮೇಲೆ ಗೆರೆ ಎಳೆಯುವವರು ಬೇಕಲ್ಲ. ಅದಕ್ಕೆ ನಮ್ಮನ್ನು ಕರೆದಿದ್ದರು.

ಪ್ರಶ್ನೆ ಇದ್ದರೆ ಕೇಳಿ ಎಂದರು. ಯಾರೂ ಕೇಳಲಿಲ್ಲ. ನಾನು ಎದ್ದು ನಿಂತೆ. "ನಮ್ಮ ಊರಲ್ಲಿ ಒಬ್ಬರು ಟೀಚರ್ ಇದ್ದಾರೆ. ಇವತ್ತು ಗಾಡಿ ಒಯ್ದರೆ, ಅದಕ್ಕೆ ಸಾಮಾನು ಎಲ್ಲಿಯವರೆಗೆ ಸಿಗುತ್ತದೆ?"

ಎಮಿಕೊ ಅದನ್ನು ಅವರ ಭಾಷೆಯಲ್ಲಿ ಕೇಳಿದಳು. ಕಂಪನಿಯವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ಉತ್ತರ ಬಂತು: "ನಮ್ಮ ಕೈಲಾದ ಎಲ್ಲ ಪ್ರಯತ್ನ ಮಾಡುತ್ತೇವೆ."

ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ನಮ್ಮ ಮಾವನವರನ್ನು ಐಸಿಯುನಲ್ಲಿ ಇಟ್ಟಾಗ ಹೊರಗೆ ಬಂದ ಡಾಕ್ಟರ್ ಹೇಳಿದ್ದು ಇದನ್ನೇ.

ಕಾರ್ಖಾನೆ

ಮಧ್ಯಾಹ್ನ ಕಾರ್ಖಾನೆ ತೋರಿಸಲು ಕರೆದೊಯ್ದರು. ಹೋಟೆಲಿನ ಪಕ್ಕದ ಅಂಗಡಿಯಲ್ಲಿ ನಾನು ಎರಡು ಲಿಂಬಿಹಣ್ಣು ಕೊಂಡಿದ್ದೆ, ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಅಂಗಿ. ನಮ್ಮ ಹಣ್ಣಿಗಿಂತ ದೊಡ್ಡವು, ಉದ್ದನೆಯವು, ಎಣ್ಣೆ ಹಚ್ಚಿದಂತೆ ಹೊಳೆಯುವವು. ಚಾಚಾ ನೋಡಿದ್ದರೆ ಬೇಡ ಎನ್ನುತ್ತಿದ್ದರು. ಆದರೆ ಅವರಿಗೆ ಮಾತು ಕೊಟ್ಟಿದ್ದೆ.

ಒಳಗೆ ಗಾಡಿ ಜೋಡಿಸುವ ಸಾಲು ನಡೆಯುತ್ತಿತ್ತು. ಮೇಲಿನಿಂದ ಬಾಗಿಲುಗಳು ತೂಗಾಡುತ್ತ ಬರುವುದು, ಕೆಳಗೆ ಗಾಡಿಗಳು ನಿಧಾನ ಸರಿಯುವುದು, ಮಂದಿ ಒಂದೊಂದು ಬೋಲ್ಟು ಬಿಗಿದು ಹಿಂದೆ ಸರಿಯುವುದು. ನನಗೆ ಜೀವ ಬಂದಂತಾಯಿತು. "ನೋಡ್ರಿ ವೈನಿ, ಸುಮ್ನ ಹೆದರಿದ್ದಿರಿ" ಎಂದರು ದೇಶಮುಖ. ಬಾಯಾರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ: ನೋಡಿ ಬಂದೆ ಬಾಯಾರ, ಸಾಲು ನಡದೈತಿ, ಕಣ್ಣಾರೆ ಕಂಡೆ, ಗಾಡಿ ಒಯ್ರಿ.

ಆಗ ದೇಶಮುಖರಿಗೆ ಕೆಮ್ಮು ಬಂತು. ಕೆಮ್ಮಿದರು. ಆ ಕೆಮ್ಮು ಛಾವಣಿಗೆ ಹೋಗಿ, ದೂರದ ಗೋಡೆಗೆ ಬಡಿದು, ಮರಳಿ ನಮ್ಮ ಕಿವಿಗೇ ಬಂತು. ನಮ್ಮ ಊರವರಿಗೆ ಮಾರ್ದನಿ ಹೊಸದಲ್ಲ, ಗೋಳಗುಮ್ಮಟದ ನೆರಳಲ್ಲಿ ಬೆಳೆದವರು ನಾವು. ಗುಮ್ಮಟ ಖಾಲಿ ಇದೆ, ಅದಕ್ಕೇ ಅದು ಮಾತಾಡುತ್ತದೆ. ಆದರೆ ಕೆಲಸ ನಡೆದಿರುವ ಕಾರ್ಖಾನೆಯಲ್ಲಿ ಕೆಮ್ಮು ಹೀಗೆ ಕೇಳಬಾರದು. ನಮ್ಮ ಸಣ್ಣ ವರ್ಕ್‌ಶಾಪಿನಲ್ಲೇ ಚಾಚಾ ಕೂಗಿದ್ದು ನನಗೆ ಕೇಳುವುದಿಲ್ಲ.

ಸಾಲಿನ ಕೊನೆಯಲ್ಲಿ ಬಿಳಿ ಗಾಡಿಯೊಂದು ತಯಾರಾಗಿ ನಿಂತಿತ್ತು. ಬಾಯಾರು ಬುಕ್ ಮಾಡಿದಂಥದ್ದೇ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇನ್ನೇನು ಹೊರಡುತ್ತದೆ ಎಂದುಕೊಂಡು ನಾನು ಬಗ್ಗಿ, ಮುಂದಿನ ಎರಡೂ ಗಾಲಿಗಳ ಬುಡಕ್ಕೆ ಹಣ್ಣು ಇಟ್ಟೆ. ಕೈ ಮುಗಿದೆ.

ಸೀಟಿ ಕೇಳಿಸಿತು. ಹಸಿರು ಟೊಪ್ಪಿಗೆಯ ಮೇಲ್ವಿಚಾರಕ ಓಡಿ ಬಂದ. ಮೊಣಕಾಲೂರಿ, ಬಿಳಿ ಕೈಗವಸಿನ ಕೈಯಲ್ಲಿ ಎರಡೂ ಹಣ್ಣು ತೆಗೆದು, ಸಿಡಿಯದ ಬಾಂಬಿನಂತೆ ದೂರ ಹಿಡಿದು ನೋಡಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದೇಶಮುಖರು ತಾವು ನನ್ನ ಜೊತೆಯವರಲ್ಲವೆಂಬಂತೆ ಬೇರೆ ಕಡೆ ತಿರುಗಿದರು. ಎಮಿಕೊಗೆ ಎಲ್ಲ ಹೇಳಿದೆ: ನಮ್ಮಲ್ಲಿ ಹೀಗೆ ಇಡುತ್ತೇವೆ, ಗಾಡಿ ಇದರ ಮೇಲೆ ಹಾಯ್ದು ಹೋಗಬೇಕು, ಹೋದರೆ ಒಳ್ಳೆಯದಾಗುತ್ತದೆ, ನಿಮ್ಮ ಕಂಪನಿಗೆ ಒಳ್ಳೆಯದಾಗಲೆಂದು ಇಟ್ಟೆ.

ಎಮಿಕೊ ಅದನ್ನು ನಿಧಾನವಾಗಿ ಹೇಳಿದಳು. ಆ ಮನುಷ್ಯ ಬಯ್ಯಲಿಲ್ಲ. ಟೊಪ್ಪಿಗೆ ತೆಗೆದು, ಸಣ್ಣ ದನಿಯಲ್ಲಿ ಏನೋ ಹೇಳಿದ. ಮುಖ್ಯ ಕಚೇರಿಯಿಂದ ಬಂದಿದ್ದ ಹುಡುಗ ದೂರದಲ್ಲಿ ಉಳಿದವರಿಗೆ ಏನೋ ತೋರಿಸುತ್ತಿದ್ದ. ಎಮಿಕೊ ಅವನತ್ತ ಒಮ್ಮೆ ನೋಡಿ, ನನ್ನತ್ತ ತಿರುಗಿದಳು.

"ಈ ಗಾಡಿ ಹೋಗುವುದಿಲ್ಲವಂತೆ. ಇದು ಹಳೆಯದು. ಅತಿಥಿಗಳು ಬರುವ ದಿನ ತಂದು ಇಲ್ಲಿ ನಿಲ್ಲಿಸುತ್ತಾರೆ. ಅವರು ಹೋದ ಮೇಲೆ ಮತ್ತೆ ಒಳಗೆ ಒಯ್ಯುತ್ತಾರೆ. ಹಣ್ಣು ಇಟ್ಟರೆ ಹಾಗೇ ಉಳಿಯುತ್ತದೆ, ಅದಕ್ಕೆ ತೆಗೆದೆ, ತಪ್ಪು ತಿಳಿಯಬೇಡಿ ಅನ್ನುತ್ತಾರೆ."

"ಸಾಲು ನಡೀತಿದೆಯಲ್ಲ?" ಎಂದೆ.

"ಇವತ್ತು ನಡೆಯುತ್ತಿದೆ."

"ನಾಳೆ?"

ಆಕೆ ಅವನನ್ನು ಕೇಳಲಿಲ್ಲ. ಕೇಳುವ ಅಗತ್ಯ ಆಕೆಗೆ ಇರಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದಳು. ಇವತ್ತು ಬೋಲ್ಟು ಬಿಗಿಯುತ್ತಿದ್ದವರನ್ನೂ ನಮಗಾಗಿಯೇ ಕರೆಸಿದ್ದರು.

ಮೇಲ್ವಿಚಾರಕ ಒಂದು ಹಣ್ಣನ್ನು ಎರಡೂ ಕೈಯಿಂದ ನನಗೆ ಹಿಂದಿರುಗಿಸಿದ. ಇನ್ನೊಂದನ್ನು ತಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಇಟ್ಕೊಳ್ರಿ ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವನು ಅದನ್ನು ಅಂಗಿಯ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡ.

ಸಂಜೆ ಕರಾರು ಬಂತು. ನಾನು ಸೆರಗು ಸರಿಪಡಿಸಿಕೊಂಡು, ನಮ್ಮ ಯಜಮಾನರನ್ನು ಕೇಳದೆ ಸಹಿ ಹಾಕುವುದಿಲ್ಲ ಎಂದೆ. ಜೀವನದಲ್ಲಿ ಮೊದಲ ಸಲ ಈ ಮಾತು ಉಪಯೋಗಕ್ಕೆ ಬಂತು. ದೇಶಮುಖರು ಸಹಿ ಹಾಕಿದರು. ಬಸ್ಸಿನಲ್ಲಿ ಅವರಿಗೆ ಬಿಳಿ ಗಾಡಿಯ ಸಂಗತಿ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ, "ಗೊತ್ತಿತ್ತು ವೈನಿ. ಕೆಮ್ಮಿದಾಗನ ಗೊತ್ತಾತು. ಆದ್ರ ಈಗ ಬಿಟ್ರ ಎಲ್ಲಿಗೆ ಹೋಗ್ಲಿ ನಾ?" ಎಂದರು. ಅವರ ಮೇಲಿದ್ದ ನನ್ನ ಸಿಟ್ಟು ಹೋಯಿತು.

ಎಮಿಕೊ ಮನೆ

ಕೊನೆಯ ದಿನ ಬೆಳಿಗ್ಗೆ ಎಮಿಕೊ ನನ್ನನ್ನು ತನ್ನ ಮನೆಗೆ ಕರೆದಳು. ಬರಿಗೈಯಲ್ಲಿ ಹೇಗೆ ಹೋಗುವುದು? ಒಣದ್ರಾಕ್ಷಿಯ ಡಬ್ಬಿ ಒಯ್ದೆ. ಆಕೆ ಅದನ್ನು ಹಣೆಗೆ ಮುಟ್ಟಿಸುವಂತೆ ಎತ್ತಿ ತೆಗೆದುಕೊಂಡು, ಬಿಚ್ಚದೆ ಒಳಗೆ ಇಟ್ಟಳು. ನಮ್ಮಲ್ಲಾದರೆ ಅಲ್ಲೇ ಬಿಚ್ಚಿ, ಎಲ್ಲರ ಕೈಗೂ ಒಂದೊಂದು ಹಿಡಿ ಹಾಕುತ್ತಿದ್ದರು. ಇಷ್ಟವಾಗಲಿಲ್ಲವೇನೋ ಎಂದು ಸುಮ್ಮನೆ ಮುಖ ಸಣ್ಣ ಮಾಡಿಕೊಂಡೆ. ಕೊಟ್ಟವರೆದುರು ಬಿಚ್ಚಬಾರದು ಎಂಬುದು ಅವರ ರೂಢಿ ಎಂದು ಆಮೇಲೆ ತಿಳಿಯಿತು.

ಆಕೆಯ ಗಂಡ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಇದ್ದವರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಕಂಪನಿಯವರು ಮರ್ಯಾದೆಯಿಂದ ಮನೆಗೆ ಕಳಿಸಿದ್ದರು. ನಾನು ಹೋದಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಾಗಿಲಲ್ಲಿ ಕುಳಿತು ಬೂಟಿನ ದಾರ ಕಟ್ಟುತ್ತಿದ್ದರು. ಪಕ್ಕದಲ್ಲಿ ಊಟದ ಡಬ್ಬಿ. ನನ್ನನ್ನು ಕಂಡು ಎದ್ದು ಬಾಗಿದರು. ಎಮಿಕೊ ಮೂಲಕ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಊರಿನಲ್ಲಿ ಬಿಸಿಲು ಬಹಳವಂತೆ. ಗಾಡಿಯ ನೆತ್ತಿಯ ಬಣ್ಣ ತಡೆಯುತ್ತದೆಯೇ?"

ನಿಜ ಹೇಳಿದೆ. ನಮ್ಮ ಬೇಸಿಗೆಯಲ್ಲಿ ಗಾಡಿಯ ಮೇಲೆ ಹಪ್ಪಳ ಒಣಗಿಸಬಹುದು. ತಿಕೋಟಾದವರು ಹಿಂದಿನ ಸೀಟು ಮಡಚಿ ದ್ರಾಕ್ಷಿಯ ಬುಟ್ಟಿ ಹೇರುತ್ತಾರೆ, ಗಾಡಿಯನ್ನು ನೆರಳಿಗೆ ನಿಲ್ಲಿಸುವುದೇ ಇಲ್ಲ. ಆದರೂ ಬಣ್ಣ ಮಾಸುವುದಿಲ್ಲ. ಬಾನೆಟ್ಟಿನ ಮೇಲೆ ಮುಖ ನೋಡಿ ಮೀಸೆ ತಿದ್ದಿಕೊಳ್ಳುತ್ತಾರೆ. ಎಮಿಕೊ ಇದನ್ನು ಹೇಳುವಾಗ ಆ ಮನುಷ್ಯ ಮೊದಲ ಸಲ ನಕ್ಕರು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡರು.

ಊಟದ ಡಬ್ಬಿ ಎತ್ತಿಕೊಂಡು, ಹೊಸ್ತಿಲು ದಾಟುವಾಗ ಒಳಗೆ ತಿರುಗಿ ಏನೋ ಅಂದರು. ಎಮಿಕೊ ಅಡಿಗೆಮನೆಯಿಂದಲೇ ಏನೋ ಉತ್ತರ ಕೊಟ್ಟಳು.

"ಏನಂದರು?" ಎಂದೆ.

"ಹೋಗಿ ಬರುತ್ತೇನೆ ಅಂದರು. ನಾನು ಹೋಗಿ ಬಾ ಅಂದೆ. ನಮ್ಮಲ್ಲಿ ಹೊರಡುವಾಗ ಹೀಗೆ ಹೇಳುತ್ತಾರೆ."

"ನಮ್ಮಲ್ಲೂ ಹೀಗೇ" ಎಂದೆ. "ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಈಗ ಎಲ್ಲಿಗೆ ಹೋದರು?"

"ಎಲ್ಲಿಗೂ ಇಲ್ಲ. ದಕ್ಕೆಯ ಗೋಡೆಯ ಮೇಲೆ ಕೂಡುತ್ತಾರೆ. ಅಲ್ಲಿಂದ ಬಣ್ಣದ ವಿಭಾಗದ ಚಿಮಣಿ ಕಾಣುತ್ತದೆ. ಕೆಲಸ ಬಿಡುವ ಹೊತ್ತಿಗೆ ಮನೆಗೆ ಬರುತ್ತಾರೆ."

ಚಹಾ ಕುಡಿದೆವು. ಆಕೆ ಕೇಳಿದಳೆಂದು ಬಾಯಾರ ಸಂಗತಿ ಹೇಳಿದೆ. ಆಕೆ ಯಾವ ಸಲಹೆಯನ್ನೂ ಕೊಡಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದಳು. ನಾನು ಚಪ್ಪಲಿ ಮೆಟ್ಟಿ, ತಿರುಗಿ, ಆಕೆಯ ಕೈ ಹಿಡಿದೆ. ಬರ್ತೀನಿ ಎನ್ನಲು ಬಾಯಿ ತೆರೆದೆ, ಮಾತು ಬರಲಿಲ್ಲ. ನಮ್ಮಲ್ಲಿ ಒಂದೇ ಒಂದು ಮನೆಯಿಂದ ಬರ್ತೀನಿ ಎನ್ನದೆ ಎದ್ದು ಬರುತ್ತೇವೆ. ಸಾವಾದ ಮನೆಯಿಂದ. ಅಲ್ಲಿ ಉಂಡಿರೇನವ್ವಾ ಎಂದು ಕೇಳಿ, ಸ್ವಲ್ಪ ಹೊತ್ತು ಕುಳಿತು, ಯಾರಿಗೂ ಹೇಳದೆ ಹೊರಬೀಳುವುದು. ಎಮಿಕೊ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಆ ಮನುಷ್ಯ ಡಬ್ಬಿ ಹಿಡಿದು ಈಗಷ್ಟೇ ಹೋಗಿದ್ದರು. ಆದರೂ ನಾನು ಏನೂ ಹೇಳದೆ ಬಸ್ ನಿಲ್ದಾಣದ ತನಕ ನಡೆದೆ, ಹಿಂದೆ ತಿರುಗಿ ನೋಡಲಿಲ್ಲ.

ಮತ್ತೆ ಸೊಲ್ಲಾಪುರ ರಸ್ತೆ

ಮನೆಗೆ ಬಂದು ಬ್ಯಾಗು ಬಿಚ್ಚುವ ಮೊದಲೇ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಮೊಣಕಾಲು ನೀವಿಕೊಂಡರು. "ಬಾಯಾರಿಗೆ ನಾಳೆ ಬರ್ರಿ ಅಂದೇನಿ. ಗಾಡಿ ತೊಳಸೇನಿ, ಹಾರ ತರಿಸೇನಿ" ಎಂದರು. "ನೀ ಒಂದ ಮಾತ ಅನ್ನು. ಅವರ ಗಾಡಿ ಹೋದ್ರ ಇನ್ನ ನಾಕ ಮಂದಿ ಬರ್ತಾರ. ಗಾಡ್ಯಾಗ ಏನ ದೋಷ ಐತಿ ಹೇಳು?"

ಗಾಡಿಯಲ್ಲಿ ದೋಷ ಇರಲಿಲ್ಲ. ಅದೇ ಸಂಕಟ.

ಮರುದಿನ ಬಾಯಾರು ತಾಯಿಯನ್ನು ಕರೆದುಕೊಂಡು ಆಟೋದಲ್ಲಿ ಬಂದರು. ಮುದುಕಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಒಂದು ತೆಂಗಿನಕಾಯಿ. ಬಿಳಿ ಗಾಡಿ ಹಾರ ಹಾಕಿಸಿಕೊಂಡು ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ನಾಲ್ಕೂ ಗಾಲಿಗಳ ಬುಡಕ್ಕೆ ಚಾಚಾ ತಮ್ಮ ಗಿಡದ ಹಣ್ಣು ಇಟ್ಟಿದ್ದರು. ಮುದುಕಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಗಾಜಿನೊಳಗೆ ಇಣುಕಿ, "ನಾ ಮುಂದ ಕೂಡಾಕಿ" ಎಂದಳು. ಎಲ್ಲರೂ ನಕ್ಕರು.

ಬಾಯಾರು ನನ್ನ ಎದುರು ಬಂದು ಕುಳಿತರು. "ನೋಡಿ ಬಂದ್ರಿ ಅಕ್ಕಾರ?"

ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ನಮ್ಮವರು ಕೇಳುತ್ತಿದ್ದಾರೆ. ಚಾಚಾ ಕೈಯಲ್ಲಿ ಕೀಲಿ ಹಿಡಿದು ಗಾಡಿಯ ಪಕ್ಕ ನಿಂತಿದ್ದಾರೆ. ಕೌಂಟರಿನ ಹುಡುಗಿಯರು ಮಿಠಾಯಿಯ ಡಬ್ಬಿ ಬಿಚ್ಚುತ್ತಿದ್ದಾರೆ. ಚೊಲೋ ಐತಿ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಮೇಲೆ ಕುಳಿತು ಚಿಮಣಿ ನೋಡುವ ಆ ಮನುಷ್ಯ ನೆನಪಾದರು.

"ಬಾಯಾರ, ಅಲ್ಲಿ ಸಾಲು ನಿಂತೈತಿ. ನಮಗ ತೋರಸಾಕಷ್ಟ ಒಂದ ದಿನಾ ನಡಸಿದ್ರು. ಗಾಡಿ ಚೊಲೋ ಐತಿ, ಅದ್ರಾಗ ಎಳ್ಳಷ್ಟೂ ಸುಳ್ಳಿಲ್ಲ. ಕಂಪನಿ ಏಳತೈತೋ ಬೀಳತೈತೋ ಅವರಿಗೂ ಗೊತ್ತಿಲ್ಲ. ಸಾಮಾನಿನ ಖಾತ್ರಿ ಕೇಳಿದ್ರ ಕೊಡ್ಲಿಲ್ಲ. ನಿಮ್ಮ ಜಾಗಾದಾಗ ನಾ ಇದ್ರ ಒಯ್ಯಾಂಗಿಲ್ಲ."

ಹುಡುಗಿಯರು ಡಬ್ಬಿಯ ಮುಚ್ಚಳ ಹಾಗೇ ಹಿಡಿದುಕೊಂಡಿದ್ದರು. ಬಾಯಾರು ಮೇಜಿನ ಮೇಲಿನ ತಮ್ಮ ಕೈ ನೋಡುತ್ತ ಕುಳಿತರು.

"ನಿಮ್ಮ ಗತಿ ಏನ್ರಿ ಹಂಗಾದ್ರ?" ಎಂದರು ಕೊನೆಗೆ.

ನಾನು ಅವರ ಬುಕಿಂಗ್ ರಸೀತಿಯನ್ನು ಮೇಜಿನ ಮೇಲೆ ಅವರತ್ತ ಸರಿಸಿದೆ.

ಮುದುಕಿ ಗಾಡಿಯ ಹತ್ತಿರದಿಂದ ಬಂದಳು. ಆಕೆ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಿದಳು, ಚಾಚಾ ಅವರ ಮುಖ ನೋಡಿದಳು, ತೆರೆದ ಬಾಗಿಲಲ್ಲಿ ವಾಕರ್ ಹಿಡಿದು ಬಂದು ನಿಂತಿದ್ದ ನಮ್ಮವರನ್ನು ನೋಡಿದಳು. ತೆಂಗಿನಕಾಯಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನನ್ನ ಭುಜದ ಮೇಲೆ ಕೈಯಿಟ್ಟಳು. ಒರಟು ಕೈ, ಹಗುರವಾಗಿ ಇಟ್ಟಳು.

"ಏನರ ಉಂಡಿಯೇನವ್ವಾ?"

"ಇಲ್ಲಬೇ" ಎಂದೆ.

"ಉಣ್ಣಬೇಕವ್ವ" ಎಂದು ನನ್ನ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು. ಬಾಯಾರು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡರು. ಬಾಯಾರು ರೂಢಿಯಂತೆ ಬರ್ತೀನ್ರಿ ಎನ್ನಲು ಹಿಂದೆ ತಿರುಗಹೋದರು. ಮುದುಕಿ ಅವರ ಮೊಣಕೈ ಹಿಡಿದಳು. ಇಬ್ಬರೂ ಇಳಿದು ರಸ್ತೆಗೆ ಹೋದರು.

ಚಾಚಾ ಬಗ್ಗಿ ಗಾಲಿಗಳ ಬುಡದಿಂದ ಹಣ್ಣುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಒಂದೂ ಒಡೆದಿರಲಿಲ್ಲ.

ನಮ್ಮವರು ಕೇಳಿದರು, "ಹ್ವಾದ್ರೇನ? ಹೋಗೂಮುಂದ ಏನಂದ್ರು?"

"ಏನೂ ಅನ್ಲಿಲ್ಲ" ಎಂದೆ.

ಅವರು ವಾಕರ್ ಬದಿಗಿಟ್ಟು, ಗೋಡೆ ಹಿಡಿದು, ಗಿರಾಕಿಗಳು ಕೂಡುವ ಕುರ್ಚಿಯಲ್ಲಿ ಕುಳಿತರು.